ಮಂಗಳವಾರದ ಸಾಲು

ಹಲವಾಗಲು
12 ಮಾರ್ಚ್ 2024

ಪ್ರಿಯ ಗಂಗಾ,

'ತುಂಬಿದ ಕೊಡಕ್ಕೆ ಹೊಳೆಯ ನೆನಪಿಲ್ಲ' – ಇದರ ಮುಂದಿನ ಅರ್ಧ ಏನು? ಮೂರು ದಿನದಿಂದ ಹುಡುಕುತ್ತಿದ್ದೇನೆ. ರೊಟ್ಟಿ ಬಡಿಯುವಾಗ ನಾಲಿಗೆಯ ತುದಿಗೆ ಬರುತ್ತದೆ, ತಿರುವಿ ಹಾಕುವಷ್ಟರಲ್ಲಿ ಹೋಗಿಬಿಡುತ್ತದೆ. ಯಾರು ಬರೆದದ್ದೆಂಬುದೂ ಮರೆತಿದೆ. ಎಂ.ಎ. ಓದುವಾಗ ಹಾಸ್ಟೆಲಿನ ಜಗಲಿಯ ಮೇಲೆ ನಾವಿಬ್ಬರೂ ಹೇಳಿಕೊಂಡು ಓಡಾಡಿದ ಸಾಲು ಎಂಬುದಷ್ಟೇ ಗೊತ್ತು.

ಅಷ್ಟಕ್ಕೂ ಅದು ನಿಜವೇ? ನಮ್ಮ ಮನೆಗೆ ನಲ್ಲಿ ಬಂದು ಐದು ವರ್ಷ. ಅದಕ್ಕೂ ಮೊದಲು ಹದಿನೆಂಟು ವರ್ಷ ಹೊಳೆಯಿಂದ ಕೊಡ ಹೊತ್ತವಳು ನಾನು. ತುಂಬಿದ ಕೊಡ ದಾರಿಯುದ್ದಕ್ಕೂ ತುಳುಕಿ ನನ್ನ ಬೆನ್ನು ತೋಯಿಸುತ್ತಿತ್ತು. ನೆನಪಿಲ್ಲದ್ದು ಹಾಗೆ ತುಳುಕುತ್ತದೆಯೇ?

ನನ್ನ ದಿನ ನಿನಗೆ ಗೊತ್ತಿರುವುದೇ. ಐದಕ್ಕೆ ಎದ್ದು ಹಟ್ಟಿ ಗುಡಿಸಿ, ಬುಟ್ಟಿಯಡಿ ಮುಚ್ಚಿದ ಮರಿಗಳನ್ನು ತಾಯಿಕುರಿಗಳಿಗೆ ಬಿಡುವುದು. ಆಮೇಲೆ ರೊಟ್ಟಿ, ಇವರಿಗೆ ಬುತ್ತಿ, ಅತ್ತೆಯ ಕಾಲಿಗೆ ಎಣ್ಣೆ. ಸಂಜೆ ಮತ್ತೆ ಕುರಿ, ಮತ್ತೆ ಮರಿ, ಮತ್ತೆ ಬುಟ್ಟಿ. ಇಪ್ಪತ್ತಮೂರು ವರ್ಷ ಒಂದೇ ದಿನವನ್ನು ಬದುಕಿದ್ದೇನೆ.

ನನಗೆ ಒಂದು ಕವನ ಬರೆಯಬೇಕು ಗಂಗಾ. ಒಂದೇ ಒಂದು, ನಲವತ್ತೆಂಟು ತುಂಬುವುದರೊಳಗೆ. ನೀನು ಕಾಲೇಜಿನ ಹುಡುಗರಿಗೆ ಕವಿತೆಯ ಕಮ್ಮಟ ನಡೆಸುತ್ತೀ. ನನಗೂ ಒಂದು ಪಾಠ ಹೇಳು. ನಿನ್ನ ಎರಡನೆಯ ಪುಸ್ತಕವನ್ನು ಇನ್ನೂ ಕಳಿಸಿಲ್ಲ, ಅದನ್ನೂ ಕಳಿಸು. ಫೋನು ಮಾಡಬೇಡ. ಫೋನಿನಲ್ಲಿ ಹುಟ್ಟು–ಸಾವು ಮಾತ್ರ, ಉಳಿದದ್ದು ಕಾಗದದಲ್ಲಿ ಎಂಬ ನಮ್ಮ ಮಾತು ಹಾಗೇ ಇರಲಿ.

ನಿನ್ನ
ಪುಷ್ಪಾ


ಹಗರಿಬೊಮ್ಮನಹಳ್ಳಿ
21 ಮಾರ್ಚ್ 2024

ಪ್ರೀತಿಯ ಪುಷ್ಪಾ,

ಆ ಸಾಲು ನನಗೂ ನೆನಪಿಲ್ಲ. ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿರಬೇಕು. ಅದನ್ನು ಬಿಟ್ಟುಬಿಡು, ಹಳೆಯ ಸಾಲು ಹುಡುಕುವವರಿಗೆ ಹೊಸದು ಹುಟ್ಟುವುದಿಲ್ಲ. ಪುಸ್ತಕದ ಪ್ರತಿಗಳು ಮುಗಿದಿವೆ. ಮರುಮುದ್ರಣವಾದಾಗ ನೋಡೋಣ.

ನಿನ್ನಲ್ಲಿ ಕವಿತೆಗೆ ಕೊರತೆಯಿಲ್ಲ, ನಿನ್ನ ದಿನಚರಿ ಅದಕ್ಕೆ ಬಾಗಿಲು ತೆರೆಯುತ್ತಿಲ್ಲ. ಕೈಗೆ ರೂಢಿಯಾದ ಕೆಲಸವನ್ನು ಕಣ್ಣು ನೋಡುವುದನ್ನೇ ಬಿಟ್ಟಿರುತ್ತದೆ. ಮೊದಲ ಪಾಠ ಇದು: ದಿನಕ್ಕೊಂದು ಕೆಲಸದ ಸರದಿ ಬದಲಿಸು. ಬೆಳಗಿನದನ್ನು ಸಂಜೆ ಮಾಡು. ಎಡಗೈಯಲ್ಲಿ ಗುಡಿಸು. ಬೇರೆ ಓಣಿಯಿಂದ ಮನೆಗೆ ಬಾ. ಯಾರಿಗೂ ಕಾರಣ ಹೇಳಬೇಡ.

ಕವನ ಕಳಿಸುವ ಅವಸರ ಬೇಡ, ಕಾಗದ ಕಳಿಸು. ಆದದ್ದನ್ನೆಲ್ಲ ವಿವರವಾಗಿ ಬರೆ. ಯಾರು ಏನಂದರು ಎಂಬುದನ್ನು ಅವರ ಮಾತಿನಲ್ಲೇ ಬರೆ.

ನಿನ್ನ
ಶಿವಗಂಗಾ


ಹಲವಾಗಲು
8 ಏಪ್ರಿಲ್ 2024

ಪ್ರಿಯ ಗಂಗಾ,

ನಾಳೆ ಯುಗಾದಿ. ಮನೆ ಸಾರಿಸುವುದರ ನಡುವೆ ಕದ್ದು ಕೂತು ಬರೆಯುತ್ತಿದ್ದೇನೆ.

ಅಂಗಳವನ್ನು ಬೆಳಿಗ್ಗೆ ಬಿಟ್ಟು ಸಂಜೆ ಗುಡಿಸಿದೆ. ಪಕ್ಕದ ಮನೆಯ ಈರಕ್ಕ ಗೋಡೆಯಾಚೆಯಿಂದ ಕೂಗಿದಳು: "ಯಾಕಲೇ ಪುಷ್ಪಿ, ಹೊತ್ತು ಮುಳುಗಿದ ಮ್ಯಾಲೆ ಕಸಬರಿಗಿ ಹಿಡ್ದೀದಿ? ಲಕ್ಷ್ಮೀನ ಕೈಹಿಡಿದು ನಮ್ಮ ಮನಿಗೆ ಕಳಸ್ತೀಯೇನು? ಕಳಸವ್ವ, ನಾ ಏನ್ ಬ್ಯಾಡ ಅನ್ನಂಗಿಲ್ಲ!" ಇನ್ನೊಂದು ದಿನ ರೊಟ್ಟಿಯ ಮೊದಲು ಮಜ್ಜಿಗೆ ಬಡಿಸಿದೆ. ಅತ್ತೆ ತಟ್ಟೆಯನ್ನೂ ನನ್ನನ್ನೂ ನೋಡಿ, "ತಲಿ ನೆಟ್ಟಗೈತೇನು?" ಎಂದರು. ಇವರು ಉಪ್ಪಿಲ್ಲದ ಸಾರನ್ನು ಎರಡು ದಿನ ಉಂಡು ಎದ್ದರು, ಏನೂ ಅನ್ನಲಿಲ್ಲ. ಗೊತ್ತಾಗಲಿಲ್ಲವೋ ಹೇಳಬೇಕು ಅನ್ನಿಸಲಿಲ್ಲವೋ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಯೋಚಿಸುತ್ತ ನಾನೂ ಅದನ್ನೇ ಉಂಡೆ.

ಆದರೆ ಒಂದು ಸಾಲು ಬಂತು! ಮರಿಗಳನ್ನು ಬಿಡುವ ಹೊತ್ತನ್ನು ಬದಲಿಸಿದ್ದಕ್ಕೆ ಬಂತು. ಬಿಸಿಲೇರಿದ ಮೇಲೆ ಬುಟ್ಟಿ ಎತ್ತಿದೆ, ಮರಿಗಳು ಓಡಿದವು.

'ಮರಿ ಓಡಿಹೋದ ಮೇಲೂ
ಬುಟ್ಟಿಯಡಿ ದುಂಡನೆಯ ಕತ್ತಲು.'

ಹೇಗಿದೆ? ಇಪ್ಪತ್ತಮೂರು ವರ್ಷದ ಮೇಲೆ ಎರಡು ಸಾಲು. ನಗಬೇಡ. ಮುಂದಿನ ಪಾಠ ಹೇಳು. ಮಂಗಳವಾರ ಇವರು ಸಂತೆಗೆ ಹೋಗುತ್ತಾರೆ. ಅವತ್ತು ಸ್ವಲ್ಪ ಬಿಡುವಿರುತ್ತದೆ.

ನಿನ್ನ
ಪುಷ್ಪಾ


ಹಗರಿಬೊಮ್ಮನಹಳ್ಳಿ
15 ಏಪ್ರಿಲ್ 2024

ಪ್ರೀತಿಯ ಪುಷ್ಪಾ,

ಸಾಲು ಪರವಾಗಿಲ್ಲ. 'ದುಂಡನೆಯ' ಎಂಬುದು ಸ್ವಲ್ಪ ಹಳೆಯದಾಯಿತು. ಆದರೆ ನಿನ್ನ ಕಾಗದವನ್ನು ಎರಡು ಸಲ ಓದಿದೆ. ಉಪ್ಪಿಲ್ಲದ ಸಾರು ಚೆನ್ನಾಗಿದೆ.

ಇಂಥ ಸಣ್ಣ ಹೆಜ್ಜೆ ಸಾಲದು. ಒಂದು ಇಡೀ ದಿನವನ್ನು ಮುರಿಯಬೇಕು. ಬರುವ ಮಂಗಳವಾರವಲ್ಲ, ಅದರ ಮುಂದಿನದಕ್ಕೆ ಮನಸ್ಸು ಸಿದ್ಧಮಾಡಿಕೋ. ಬೆಳಗಿನಿಂದ ಏನೂ ತಿನ್ನಬೇಡ. ಯಾರೊಂದಿಗೂ ಮಾತಾಡಬೇಡ. ತಲೆ ಕಟ್ಟಬೇಡ, ಕೂದಲು ಹಾಗೇ ಇರಲಿ. ಮಧ್ಯಾಹ್ನ ಹೊಳೆಗೆ ಹೋಗಿ ಉಟ್ಟ ಸೀರೆಯಲ್ಲೇ ನೀರಿಗಿಳಿ. ಅಲ್ಲಿ ನಿಂತು ನಿನ್ನ ಸಾಲನ್ನು ಬಾಯಿಬಿಟ್ಟು, ಗಟ್ಟಿಯಾಗಿ ಹೇಳು. ಮುಂದಿನ ಸಾಲು ತಾನಾಗಿ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೂ ಇಷ್ಟು ಕಠಿಣ ಪಾಠ ಕೊಟ್ಟಿಲ್ಲ, ನಿನಗೆ ಕೊಡುತ್ತಿದ್ದೇನೆ.

ಎಲ್ಲವನ್ನೂ ಬರೆ.

ಶಿವಗಂಗಾ


ಹಲವಾಗಲು
26 ಏಪ್ರಿಲ್ 2024

ಗಂಗಾ,

ನಗಬೇಕೋ ಅಳಬೇಕೋ ತಿಳಿಯದು. ಕೇಳು.

ಮೊನ್ನೆ ಮಂಗಳವಾರ ನೀನು ಹೇಳಿದಂತೆಯೇ ಮಾಡಿದೆ. ಅಂದು ದವನದ ಹುಣ್ಣಿಮೆ ಎಂಬುದು ನನಗೆ ಹೊಳೆದಿರಲಿಲ್ಲ. ದಿನಚರಿ ಬಿಟ್ಟವಳಿಗೆ ಪಂಚಾಂಗವೂ ಬಿಟ್ಟುಹೋಗಿತ್ತು. ಹೊಳೆಯಲ್ಲಿ ಮೊಣಕಾಲುದ್ದ ನೀರು, ದಂಡೆಯ ತುಂಬ ಸ್ನಾನಕ್ಕೆ ಬಂದ ಹೆಂಗಸರು. ನಾನು ಅವರನ್ನು ದಾಟಿ ಮುಂದೆ ಹೋಗಿ ನೀರಲ್ಲಿ ಕೂತು ಎದ್ದೆ. ಹಸಿವಿಗೆ ಮೈ ನಡುಗುತ್ತಿತ್ತು. ಕಣ್ಣು ಮುಚ್ಚಿ ಸಾಲು ಹೇಳಿದೆ. ಮುಂದಿನದು ಬರಲಿಲ್ಲ. ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ.

ಕಣ್ಣು ತೆರೆದರೆ ಈರಕ್ಕ ಎರಡೂ ಕೈ ಎತ್ತಿ ಚೀರುತ್ತಿದ್ದಾಳೆ: "ಅಯ್ಯಯ್ಯ, ಬರ್ರೆ ಇಲ್ಲಿ! ಪುಷ್ಪಿ ಮೈಮ್ಯಾಲೆ ತಾಯಿ ಬಂದಾಳ! ನಾ ತಿಂಗಳಿಂದ ನೋಡಾಕತ್ತೀನಿ, ಇಕಿ ಇಕಿಯಾಗಿ ಇಲ್ಲ!"

ಇಬ್ಬರು ರಟ್ಟೆ ಹಿಡಿದರು, ಒಬ್ಬಳು ಹಣೆಗೆ ಭಂಡಾರ ಬಳಿದಳು. ಮನೆಗೆ ತರುವಷ್ಟರಲ್ಲಿ ಹಿಂದೆ ಅರ್ಧ ಓಣಿ. ಅತ್ತೆ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದರು. ನನ್ನ ಅತ್ತೆ ಉಚ್ಚಂಗೆಮ್ಮ, ಗಂಗಾ! ನನ್ನ ಕೈಯ ನೀರು ಕುಡಿಯುವ ಮೊದಲು ಚೆಂಬಿನ ತಳ ನೋಡುವವರು. "ಯಾರವ್ವ ನೀನು? ನಮ್ಮ ಮನಿಗೆ ಯಾಕ ಬಂದಿ?"

"ನಾನು ಪುಷ್ಪಾ, ಅತ್ತಿ. ಹಸಿವಾಗೈತಿ" ಎಂದೆ.

"ತಾಯಿ ಹಸ್ದಾಳ! ಎಡಿ ತರ್ರಿ!"

ನನ್ನ ಮುಂದೆ ಹೋಳಿಗೆಯ ಎಡೆ ಬಂತು. ತಿಂದೆ. ಏನು ಮಾಡಲಿ, ಹಸಿದಿದ್ದೆ. ತಿಂದದ್ದೇ ತಪ್ಪಾಯಿತು, ತಾಯಿ ಎಡೆ ಸ್ವೀಕರಿಸಿದಳು ಎಂದು ಮಂಗಳಾರತಿ ಮಾಡಿದರು.

ಈಗ ಇದನ್ನು ಬಿಡಿಸುವುದು ಹೇಗೆ?

ಪುಷ್ಪಾ


ಹಗರಿಬೊಮ್ಮನಹಳ್ಳಿ
4 ಮೇ 2024

ಪ್ರೀತಿಯ ಪುಷ್ಪಾ,

ಸ್ಟಾಫ್ ರೂಮಿನಲ್ಲಿ ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. 'ತಾಯಿ ಹಸ್ದಾಳ!' ನನ್ನ ಇಷ್ಟು ವರ್ಷದ ಕಮ್ಮಟಗಳಲ್ಲಿ ಇಂಥ ಫಲ ಯಾರಿಗೂ ಸಿಕ್ಕಿಲ್ಲ.

ಅವಸರದಿಂದ ಬಿಡಿಸಿಕೊಳ್ಳಬೇಡ. ಯೋಚಿಸು: ನನ್ನ ಪುಸ್ತಕ ಬಿಡುಗಡೆಗೆ ಬಂದವರು ನಲವತ್ತು ಜನ, ಅದರಲ್ಲಿ ಮೂವತ್ತು ಮಂದಿ ನಮ್ಮ ಕಾಲೇಜಿನವರು. ನಿನ್ನ ಎರಡು ಸಾಲಿಗೆ ಅರ್ಧ ಓಣಿ ಬಂದಿದೆ. ಕೆಲವು ವಾರ ನಡೆಯಲಿ. ಜನ ಏನು ಕೇಳುತ್ತಾರೆ, ನೀನು ಏನನ್ನುತ್ತೀ, ಅವರ ಮುಖ ಹೇಗಾಗುತ್ತದೆ, ಎಲ್ಲ ಗಮನಿಸಿ ನನಗೆ ಬರೆ. ಇದಕ್ಕಿಂತ ದೊಡ್ಡ ಬಿಡುಗಡೆ ದಿನಚರಿಯಿಂದ ಯಾರಿಗೆ ಸಿಕ್ಕೀತು?

ಶಿವಗಂಗಾ


ಹಲವಾಗಲು
20 ಮೇ 2024

ಗಂಗಾ,

ಹೋದ ಶುಕ್ರವಾರ ನಮ್ಮ ಮಾತು ಮೀರಿ ನಿನಗೆ ಮೂರು ಸಲ ಫೋನು ಮಾಡಿದೆ. ನೀನು ಎತ್ತಲಿಲ್ಲ. ಆಮೇಲೆ ಅತ್ತೆ ಫೋನು ಒಯ್ದಿಟ್ಟರು. ದೇವರ ಮೈ ಅದನ್ನು ಮುಟ್ಟಬಾರದಂತೆ. ಈ ಕಾಗದವನ್ನು ಈರಕ್ಕನ ಮಗಳು ಭೂಮಿಕಾ ಹರಪನಹಳ್ಳಿಯಲ್ಲಿ ಅಂಚೆಗೆ ಹಾಕುತ್ತಾಳೆ. ಅಲ್ಲಿ ಡಿಗ್ರಿ ಓದುತ್ತಿದ್ದಾಳೆ. ಉತ್ತರವನ್ನು ಅವಳ ಹಾಸ್ಟೆಲ್ಲಿಗೆ ಬರೆ.

ಮೊದಲು ಒಂದು ನಿಜ ಹೇಳಬೇಕು. ಹೋದ ಕಾಗದದಲ್ಲಿ ಮುಚ್ಚಿಟ್ಟಿದ್ದೆ. ಅಂದು ಎಡೆ ತಿಂದ ಮೇಲೆ ಹಿಂದಿನಿಂದ ಯಾರೋ, "ಹೊಳ್ಯಾಗ ಏನಂದಿ ತಾಯಿ, ಇನ್ನೊಮ್ಮೆ ಅನ್ನು" ಎಂದರು. ನಾನು ಸಾಲು ಹೇಳಿದೆ. ಪಡಸಾಲೆಯ ತುಂಬ ಇದ್ದ ಜನ ಉಸಿರು ಬಿಗಿಹಿಡಿದು ಕೇಳಿ, ಒಂದೊಂದೇ ಪದ ತಿರುಗಿ ಹೇಳಿಕೊಂಡರು. ವರ್ಷಕ್ಕೊಮ್ಮೆ ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಒಂದೇ ಸಾಲಿನ ಭವಿಷ್ಯ ಕೇಳಿ, ಇಡೀ ವರ್ಷ ಅದಕ್ಕೆ ಅರ್ಥ ಹಚ್ಚುವ ಜನ. ಸಾಲನ್ನು ಕೇಳುವುದು ಅವರಿಗೆ ಗೊತ್ತು. ಇಪ್ಪತ್ತಮೂರು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಒಂದು ಮಾತನ್ನು ಪೂರ್ತಿ ಕೇಳಿದವರಿಲ್ಲ. 'ನಾನು ಎಂ.ಎ. ಕನ್ನಡ, ಇದು ಕವನ' ಎಂದು ಅವತ್ತೇ ಅನ್ನಬಹುದಿತ್ತು. ಅನ್ನಲಿಲ್ಲ. ಮುಂದಿನ ಮಂಗಳವಾರಕ್ಕೆ ಒಂದು ಹೊಸ ಸಾಲನ್ನು ಸಿದ್ಧಮಾಡಿಕೊಂಡು ಕೂತೆ.

ಅದರ ಫಲ ಇದು. ನಮ್ಮೂರಿನ ಜಂಬಯ್ಯನ ಹೆಂಡತಿ ಬಂದು ಬೆಳ್ಳಿಯ ಕಾಲ್ಗಡಗ ಕಳುವಾಗಿದೆ ಎಂದಳು. ನನ್ನ ಬಾಯಲ್ಲಿದ್ದದ್ದು ನಾಲ್ಕು ದಿನದಿಂದ ತಿದ್ದಿಕೊಂಡ ಸಾಲು, ಅದನ್ನೇ ಹೇಳಿದೆ:

'ಬೂದಿಯ ಕೈ ಬೆಳಗುತ್ತದೆ,
ಬೆಳಗಿದ್ದು ಕೈಯದಲ್ಲ.'

ನಾನು ಬರೆದದ್ದು ನನ್ನ ಬಗ್ಗೆ, ಪಾತ್ರೆ ತಿಕ್ಕುವ ಎಲ್ಲ ಹೆಂಗಸರ ಬಗ್ಗೆ. ಅವರು ನೇರ ಹೋಗಿ ಮಾರೆಮ್ಮನನ್ನು ಹಿಡಿದರು. ಜಂಬಯ್ಯನದೂ ಸೇರಿ ಆರು ಮನೆಯ ಪಾತ್ರೆ ತಿಕ್ಕುವವಳು. ನಡುಮಧ್ಯಾಹ್ನ ಜಂಬಯ್ಯನ ಅಂಗಳದಲ್ಲಿ ನಿಲ್ಲಿಸಿ, ಎರಡೂ ಕೈ ಚಾಚಿಸಿ, ಕಬೂಲಾಗು ಎಂದರು. ನಾನು ಓಡಿ ಹೋಗಿ, "ಆಕಿ ಅಲ್ಲ, ಅದು ನಾನು ಕಟ್ಟಿದ ಪದ, ಬಿಡ್ರಿ ಆಕಿನ್ನ" ಎಂದು ಕೂಗಿದೆ. ಈರಕ್ಕ ನನ್ನ ಕಾಲಿಗೆ ಬಿದ್ದು, "ತಾಯಿ ನಮ್ಮನ್ನ ಪರೀಕ್ಷಿ ಮಾಡಾಕತ್ಯಾಳ, ಯಾರೂ ಕರಗಬ್ಯಾಡ್ರಿ" ಎಂದಳು.

ನಾಲ್ಕು ದಿನದ ಮೇಲೆ ಕಾಲ್ಗಡಗ ಅವರದೇ ಜೋಳದ ಚೀಲದಲ್ಲಿ ಸಿಕ್ಕಿತು. 'ತಾಯಿ ಹೇಳಿದ ಮ್ಯಾಲೆ ಸಿಕ್ತು' ಎಂದು ನನಗೆ ಸೀರೆ ಉಡಿಸಿದರು. ಮಾರೆಮ್ಮ ಕೊಟ್ಟೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಳೆ. ತಿರುಗಿ ಬರುವುದಿಲ್ಲವಂತೆ.

ನೀನು ಬಾ. ನೀನು ಕಾಲೇಜಿನ ಮೇಡಂ, ನಿನ್ನ ಮಾತು ಕೇಳುತ್ತಾರೆ. ಬಂದು ನಾಲ್ಕು ಜನರೆದುರು ಇದು ಕವನ, ನಾನು ಹೇಳಿಕೊಟ್ಟ ಪಾಠ ಎಂದು ಹೇಳಿ ಹೋಗು. ಒಂದು ದಿನದ ಕೆಲಸ.

ಪುಷ್ಪಾ


ಹಗರಿಬೊಮ್ಮನಹಳ್ಳಿ
12 ಜೂನ್ 2024

ಪ್ರೀತಿಯ ಪುಷ್ಪಾ,

ಪರೀಕ್ಷೆ, ಮೌಲ್ಯಮಾಪನ, ಪ್ರವೇಶದ ಗಡಿಬಿಡಿ. ಉತ್ತರ ತಡವಾಯಿತು. ಫೋನು ಬಂದಾಗ ಸಭೆಯಲ್ಲಿದ್ದೆ. ಹಾಗೆ ನೋಡಿದರೆ ಎತ್ತದಿದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ಈ ಕಾಗದ ಹುಟ್ಟುತ್ತಿರಲಿಲ್ಲ.

ಬರುತ್ತೇನೆ, ಆದರೆ ಈ ತಿಂಗಳು ಆಗದು. ಹೊರಗಿನವಳು ಬಂದು ಹೇಳಿದರೆ ಅವರು ಇನ್ನಷ್ಟು ಗಟ್ಟಿಯಾಗಿ ನಂಬುತ್ತಾರೆ ಎಂಬ ಭಯವೂ ಇದೆ. ಜನ ತಾವಾಗಿಯೇ ಮರೆಯುತ್ತಾರೆ, ಸ್ವಲ್ಪ ತಾಳು.

ಮಾರೆಮ್ಮ ಬಿಸಿಲಿನಲ್ಲಿ ನಿಂತ ಚಿತ್ರ ನನ್ನ ಕಣ್ಣಿಂದ ಹೋಗುತ್ತಿಲ್ಲ. ಚಾಚಿದ ಕೈಯಲ್ಲಿ ಏನಾದರೂ ಇತ್ತೇ? ತಟ್ಟೆಯೋ, ಚೆಂಬೋ? ನೆರಳು ಯಾವ ಕಡೆ ಬಿದ್ದಿತ್ತು? ನೆನಪು ಮಾಸುವ ಮೊದಲು ಬರೆ.

ಶಿವಗಂಗಾ


ಹಲವಾಗಲು
2 ಜುಲೈ 2024

ಗಂಗಾ,

ಭೂಮಿಕಾಳ ಪೆನ್ಸಿಲ್ಲು, ಅವಳ ನೋಟ್ಸಿನ ಹಿಂಬದಿ. ನನ್ನ ಪೆನ್ನನ್ನೂ ಹಾಳೆಗಳನ್ನೂ ಅತ್ತೆ ಟ್ರಂಕಿಗೆ ಹಾಕಿ ಬೀಗ ಹಾಕಿದ್ದಾರೆ. ತಾಯಿ ನುಡಿಯುತ್ತಾಳೆ, ಬರೆಯುವುದಿಲ್ಲವಂತೆ.

ತಟ್ಟೆಯೂ ಇರಲಿಲ್ಲ, ಚೆಂಬೂ ಇರಲಿಲ್ಲ. ಬೂದಿ ಒಣಗಿ ಅಂಗೈ ಬಿರಿದಿತ್ತು. ನಡುಮಧ್ಯಾಹ್ನ ನೆರಳು ಕಾಲಡಿಯಲ್ಲೇ ಇರುತ್ತದೆ. ಸಾಕೇ?

ಈಗ ಮಂಗಳವಾರ ಕಳುವಿನವರು, ಶುಕ್ರವಾರ ರೋಗದವರು. ಬೆಳಗಿನಿಂದ ಉಪವಾಸ, ಒದ್ದೆ ಸೀರೆ, ಬಿಚ್ಚಿದ ಕೂದಲು. ನೀನು ಒಂದು ದಿನಕ್ಕೆಂದು ಕೊಟ್ಟ ಪಾಠ ನನ್ನ ದಿನಚರಿಯಾಗಿದೆ. ಕುರಿಯ ಹತ್ತಿರ ಬಿಡುವುದಿಲ್ಲ. ಮರಿಗಳು ನನ್ನ ವಾಸನೆ ಮರೆತಿವೆ. ಇವರು ಹಟ್ಟಿಯಲ್ಲಿ ಮಲಗುತ್ತಾರೆ. ಮೊನ್ನೆ ಹತ್ತಿರ ಕರೆದು, "ನನಗ ಜ್ವರ ಬಂದಾವು, ಮೈ ಮುಟ್ಟಿ ನೋಡ್ರಿ" ಎಂದೆ. ಕೈಮುಗಿದು ಹಿಂದಕ್ಕೆ ಸರಿದು, "ತಪ್ಪಾದ್ರೆ ಹೊಟ್ಟ್ಯಾಗ ಹಾಕ್ಕಳ್ರಿ ತಾಯಿ" ಎಂದರು.

ಮಂಗಳವಾರ ಬಂದವರಿಗೆ ಈಗ ಸಾಲು ಹೇಳುವುದಿಲ್ಲ. ಯಾರ ಮೇಲೆ ಅನುಮಾನವೋ ಅವರನ್ನು ಎದುರಿಗೆ ಕೂರಿಸಿ ಸುಮ್ಮನೆ ನೋಡುತ್ತೇನೆ. ತಪ್ಪು ಮಾಡದವರು ಎದ್ದು ಹೋಗುತ್ತಾರೆ. ಇನ್ನೊಬ್ಬ ಮಾರೆಮ್ಮ ಆಗಬಾರದು.

ಒಂದು ಮಾತು ಕೇಳುತ್ತೇನೆ. ನೀನು ಹಡಗಲಿಯವಳು. ಹಸಿವು, ಮೌನ, ಬಿಚ್ಚಿದ ಕೂದಲು, ಒದ್ದೆ ಸೀರೆ, ಮಂಗಳವಾರ. ಇವೆಲ್ಲ ಕೂಡಿದರೆ ನಮ್ಮ ಕಡೆ ಏನಾಗುತ್ತದೆ ಎಂದು ನಿನಗೆ ನಿಜವಾಗಿಯೂ ಹೊಳೆಯಲಿಲ್ಲವೇ?

ಬಾ. ಯಾವ ದಿನವಾದರೂ ಸರಿ.

ಪುಷ್ಪಾ


ಹಲವಾಗಲು
3 ಆಗಸ್ಟ್ 2024

ಶಿವಗಂಗಾ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಅದರ ಬದಲು ನಿನ್ನ ಎರಡನೆಯ ಪುಸ್ತಕ ಬಂತು.

ಹರಪನಹಳ್ಳಿಯಲ್ಲಿ ನೀನು ನಡೆಸಿದ ಕಮ್ಮಟಕ್ಕೆ ಭೂಮಿಕಾ ಬಂದಿದ್ದಳು. ಕಾಗದ ಯಾರಿಗೆ ಎಂದು ಲಕೋಟೆಯ ಮೇಲಿನ ಹೆಸರಿನಿಂದ ಅವಳಿಗೆ ಗೊತ್ತಿತ್ತಲ್ಲ, ಹಿಗ್ಗಿನಿಂದ ಹೋಗಿದ್ದಳು. ಅಲ್ಲಿ ನೀನು ಹೇಳಿದೆಯಂತೆ: ಹಳ್ಳಿಯ ಗೃಹಿಣಿಯೊಬ್ಬಳಿಗೆ ಒಂದು ಪಾಠ ಕೊಟ್ಟೆ, ಅವಳು ಕವಿಯಾಗುವ ಬದಲು ದೇವರಾಗಿಬಿಟ್ಟಳು. ಎಲ್ಲರೂ ನಕ್ಕರಂತೆ. "ನಂಗೂ ನಗಿ ಬಂತು ಅತ್ತಿ, ಆಮ್ಯಾಲೆ ನೀನ ಅಂತ ಹೊಳೀತು" ಎಂದಳು ಆ ಹುಡುಗಿ. ಆಮೇಲೆ ನೀನು 'ಬೂದಿಯ ಕೈ' ಎಂಬ ನಿನ್ನ ಹೊಸ ಕವನ ಓದಿದೆ. ಚಪ್ಪಾಳೆ ಬಿತ್ತು.

ಕಮ್ಮಟದಲ್ಲಿ ನೀನು ಪುಸ್ತಕಗಳನ್ನೂ ಮಾರಾಟಕ್ಕೆ ಇಟ್ಟಿದ್ದೆಯಂತೆ, ಭೂಮಿಕಾ ಒಂದನ್ನು ತಂದುಕೊಟ್ಟಳು. ಪ್ರತಿ ಮುಗಿದಿರಲಿಲ್ಲ. ಮೊದಲ ಪುಟದಲ್ಲೇ ಸಿಕ್ಕಿತು, ನಾನು ಮಾರ್ಚಿನಿಂದ ಹುಡುಕುತ್ತಿದ್ದದ್ದು:

'ತುಂಬಿದ ಕೊಡಕ್ಕೆ ಹೊಳೆಯ ನೆನಪಿಲ್ಲ;
ಒಡೆದ ಚೂರಿಗೆ ಇನ್ನೂ ತೇವ.'

ಅತ್ತೆಗೆ, ತಾಯಿ ಟ್ರಂಕು ಕೇಳುತ್ತಾಳೆ ಎಂದೆ. ತಕ್ಷಣ ತೆಗೆದುಕೊಟ್ಟರು. ತಳದಲ್ಲಿ ನನ್ನ 1999ರ ನೋಟ್‌ಬುಕ್ಕು ಇತ್ತು. ಎರಡೂ ಸಾಲು ಅಲ್ಲಿವೆ, ನನ್ನ ಅಕ್ಷರದಲ್ಲಿ, ಎರಡು ಕಡೆ ಹೊಡೆದು ತಿದ್ದಿದ ಗುರುತಿನ ಸಮೇತ. ಕೆಳಗೆ ಹಸಿರು ಶಾಯಿಯಲ್ಲಿ ನಿನ್ನ ಅಕ್ಷರ: 'ಪುಷ್ಪಾ, ಇದು ಚೆನ್ನಾಗಿದೆ, ಜೋಪಾನ.'

ನನ್ನ ಸಾಲನ್ನೇ ನಾನು ಮರೆತಿದ್ದೆ. ನೀನು ಮರೆತಿರಲಿಲ್ಲ.

ಯಾರಿಗಾದರೂ ಹೇಳಲೇ ಎಂದು ಎರಡು ದಿನ ಯೋಚಿಸಿದೆ. ಇಲ್ಲಿ ಒಂದು ಮಾತು ಅಂದರೆ ಸಾಕು, ನಾಲ್ಕು ಜನ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿ ಬಂದು ನಿನ್ನನ್ನು ನಿನ್ನ ಕಾಲೇಜಿನ ಅಂಗಳದಲ್ಲೇ ಬಿಸಿಲಿಗೆ ನಿಲ್ಲಿಸುತ್ತಾರೆ. ನೆರಳು ಯಾವ ಕಡೆ ಬೀಳುತ್ತದೆ ಎಂದು ಆಗ ನೀನೇ ನೋಡಬಹುದು. ಆ ಚಿತ್ರ ನನಗೆ ಹಿತವಾಗಿತ್ತು. ಹಿತವಾದದ್ದಕ್ಕೇ ಬಿಟ್ಟೆ.

ನೋಟ್‌ಬುಕ್ಕನ್ನು ಹೊಳೆಗೆ ಬಿಟ್ಟೆ. ಆ ಒಂದು ಪುಟ ಮಾತ್ರ ಹರಿದಿಟ್ಟುಕೊಂಡಿದ್ದೇನೆ. ಇನ್ನು ಬರೆಯುವುದಿಲ್ಲ. ನಿನಗೂ ಬರೆಯುವುದಿಲ್ಲ. ನೀನು ಬರುವುದೂ ಬೇಡ. ಮಂಗಳವಾರ, ಶುಕ್ರವಾರ ಕೂರುತ್ತೇನೆ. ಕೇಳುವವರಿದ್ದಾರೆ.

ಪುಷ್ಪಲತಾ


ಹಗರಿಬೊಮ್ಮನಹಳ್ಳಿ
25 ಆಗಸ್ಟ್ 2024

ಪ್ರೀತಿಯ ಪುಷ್ಪಾ,

ಇದನ್ನು ನೀನು ಓದುತ್ತೀಯೋ ಇಲ್ಲವೋ. ಭೂಮಿಕಾ ತಲುಪಿಸುತ್ತಾಳೆ ಎಂದು ನಂಬಿ ಬರೆಯುತ್ತಿದ್ದೇನೆ.

ನಿನ್ನೆ ಶನಿವಾರ ನಾನು ಹಲವಾಗಲಿಗೆ ಬಂದಿದ್ದೆ. ಇಷ್ಟು ತಿಂಗಳು ಆಗದ್ದು ನಿನ್ನೆ ಹೇಗಾಯಿತು ಎಂದು ನೀನು ಕೇಳಿದರೆ ನನ್ನಲ್ಲಿ ಉತ್ತರವಿದೆ, ಆದರೆ ಅದು ಒಳ್ಳೆಯ ಉತ್ತರವಲ್ಲ. ಆ ಪುಸ್ತಕಕ್ಕೆ ಒಂದು ಬಹುಮಾನದ ಮಾತು ನಡೆದಿದೆ. ಆ ಪುಟ ನಿನ್ನ ಹತ್ತಿರ ಇದೆ.

ಅದಷ್ಟೇ ಅಲ್ಲ, ನಂಬು. ನಾಲ್ಕು ವರ್ಷದಿಂದ ನನಗೆ ಒಂದು ಸಾಲೂ ಬಂದಿರಲಿಲ್ಲ. ಕಾಲೇಜು, ಮನೆ, ಅದೇ ಬಸ್ಸು, ಅದೇ ಪಾಠ. ಹುಡುಗರಿಗೆ ದಿನಚರಿ ಮುರಿಯಿರಿ ಎಂದು ಹೇಳುತ್ತಿದ್ದೆ, ನಾನು ಒಂದು ದಿನವೂ ಮುರಿದಿರಲಿಲ್ಲ. ನೀರಿಗಿಳಿಯುವ ಧೈರ್ಯ ನನಗಿರಲಿಲ್ಲ, ನಿನ್ನನ್ನು ಇಳಿಸಿದೆ. ನಿನ್ನ ಕಾಗದಗಳು ಬಂದ ನಾಲ್ಕು ತಿಂಗಳಲ್ಲಿ ಹದಿನಾರು ಕವನ ಬರೆದೆ. ಅವು ನಿಂತ ಮೇಲೆ ಏನೂ ಇಲ್ಲ. ಮಂಗಳವಾರ ಎಂದರೆ ಏನೆಂದು ಹೊಳೆಯಲಿಲ್ಲವೇ ಎಂದು ನೀನು ಕೇಳಿದ್ದೆ. ಹೊಳೆದಿತ್ತು. ಏನಾಗುತ್ತದೆ ನೋಡೋಣ ಎಂದುಕೊಂಡೆ.

ಬಾಗಿಲಲ್ಲಿ ಒಬ್ಬ ಹೆಂಗಸು ಅಡ್ಡ ಕೂತು ಶೇಂಗಾ ಸುಲಿಯುತ್ತಿದ್ದಳು. ಈರಕ್ಕ ಎಂದು ನಿನ್ನ ಕಾಗದಗಳಿಂದಲೇ ಗುರುತು ಹಿಡಿದೆ. ಅವಳ ಭುಜದ ಮೇಲಿಂದ ಪಡಸಾಲೆಯಲ್ಲಿ ನಿನ್ನ ಬೆನ್ನು ಕಾಣುತ್ತಿತ್ತು. ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ನೀನು ಬರೆದಿರಲಿಲ್ಲ. "ಪುಷ್ಪಾ" ಎಂದೆ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಕರೆದೆ. ನಿನ್ನ ಹೆಗಲು ಒಂದಿಷ್ಟು ಕದಲಿತು. ನೀನು ತಿರುಗಲಿಲ್ಲ.

"ಹೆಸರು ಹಿಡಿದು ಕೂಗಬಾರದ್ರಿ" ಎಂದಳು ಈರಕ್ಕ.

ನಾನು ಅವಳ ಗೆಳತಿ, ಒಟ್ಟಿಗೆ ಎಂ.ಎ. ಓದಿದವರು ಎಂದೆ.

"ತಾಯಿಗೆ ಎಲ್ಲಿ ಗೆಳತೇರ್ರಿ?" ಎಂದು ನಕ್ಕಳು. ಆಮೇಲೆ ನನ್ನ ಕೈಚೀಲವನ್ನೂ ಬೆವೆತ ಮುಖವನ್ನೂ ನಿಧಾನವಾಗಿ ನೋಡಿ, ಮಡಿಲಿನ ಸಿಪ್ಪೆ ಕೊಡವಿ ಎದ್ದು, ಬಾಗಿಲನ್ನು ಅರ್ಧ ಮುಂದೆ ಮಾಡಿ ಹೇಳಿದಳು:

"ಕಳುವಿನ ಮಾತಿಗೆ ಬಂದೀರೇನು? ಹಂಗಾರ ಮಂಗಳವಾರ ಬರ್ರಿ. ನಮ್ಮ ತಾಯಿ ಕಳ್ಳರ ಹೆಸರು ಹೇಳಂಗಿಲ್ಲ. ಎದುರಿಗೆ ಕುಂದ್ರಿಸಿ, ಅವರ ಬಾಯಿಲೇ ಹೇಳಸ್ತಾಳ."